ಬಿದ್ದ ಮನೆಯ ಹೆಂಚು

"ಏ ರಂಡಿ, ಸಾವಕಾಶ ಇಳಸ! ಒಂದ ಹೆಂಚು ಒಡೀತಂದ್ರ ನಿನ್ನ ತಲಿ ಒಡೀತೇನಿ."

ಮೃತ್ಯುಂಜಯಗೌಡ ಅಂಗಳದಲ್ಲಿ ನಿಂತು ಕೂಗಿದ. ಕೊಟ್ಟಿಗೆಯ ಮೇಲೆ ಕುಳಿತ ಆಳು ಬಂದೇಸಾಬ ಹೆಂಚು ಕಿತ್ತು ಕೊಡುತ್ತಿದ್ದ. ಏಣಿಯ ಮೇಲಿದ್ದ ಕೂಲಿಯ ಕರೆವ್ವ ಅವನ್ನು ಎದೆಗವಚಿ ಇಳಿಸಿ ಬಣವೆಯ ಹಿಂದೆ ಜೋಡಿಸುತ್ತಿದ್ದಳು. ಎಲ್ಲ ಇಳಿದ ಮೇಲೆ ಬಂದೇಸಾಬ ಒಂದು ಗೋಡೆಯನ್ನು ಹಾರೆಯಿಂದ ಕೆಡವಿ, ತಿಪ್ಪೆಯಲ್ಲಿದ್ದ ಹಳೆಯ ಹೆಂಚಿನ ಚೂರು ತಂದು ಒಳಗೆ ಚೆಲ್ಲಿದ. ಮಳೆಗೆ ಬಿದ್ದ ಮನೆಗಳಿಗೆ ಸರಕಾರದ ಪರಿಹಾರವಿತ್ತು. ನೋಡಲು ಸಾಹೇಬ ಬರುವವನಿದ್ದ.

ಹನ್ನೊಂದಕ್ಕೆ ಜೀಪು ಬಂತು. ಸಾಹೇಬ ಮೊಬೈಲಿನಲ್ಲಿ ಎರಡು ಫೋಟೋ ಹೊಡೆದ. "ವಾಸದ ಮನಿ, ಪೂರಾ ಬಿದ್ದೈತಿ. ಹೆಂಚೆಲ್ಲಾ ಚೂರಾಗ್ಯಾವ" ಎಂದು ಬಾಯಲ್ಲಿ ಹೇಳುತ್ತ ಬರೆದುಕೊಂಡ. ಗೌಡ ಕೆಳಗೆ ಸಹಿ ಹಾಕಿದ.

ಕರೆವ್ವ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು.

"ಸಾಹೇಬ್ರ, ನಮ್ಮದೂ ನೋಡ್ರಿ. ಗ್ವಾಡಿ ಬಿದ್ದು ಹೆಂಚೆಲ್ಲಾ ಪುಡಿ ಆಗ್ಯಾವ್ರಿ. ಮಗಳು ಜಯಾ ಹಸೀ ಬಾಣಂತಿ. ಹನ್ನೆರಡು ದಿನದ ಕೂಸು ತಾಡಪಾಲ ಬುಡಕ ಮಲಗೈತಿ."

"ಬರೋ ಮುಂದ ನೋಡೇನವಾ. ಮೂರು ಗ್ವಾಡಿ ನಿಂತಾವ. ಅಲ್ಪ ಹಾನಿ ಅಂತ ಬರದೇನಿ."

"ಇಲ್ಲೂ ಮೂರು ನಿಂತಾವಲ್ರಿ?"

ಸಾಹೇಬ ಗೌಡನ ಮುಖ ನೋಡಿದ. ಗೌಡ ನಕ್ಕ. "ನಮ್ಮ ಕರಿ ಎಣಸಾಕ ಕಲತಾಳ್ರಿ! ಇವರಿಗೆ ತಾಡಪಾಲ ಹೆಚ್ಚಾತು. ಬರ್ರಿ, ಚಾ ಕುಡಿಯೂಣು."

ಚಹಾ ಮುಗಿದು ಜೀಪು ಹೋಗುವಷ್ಟರಲ್ಲಿ ಪಡುವಣದ ಮೋಡ ಕಪ್ಪಾಗಿತ್ತು.

"ಹೂಂ, ಹೆಂಚು ಏರಸ್ರಿ. ಮಳಿ ಬರೂದ್ರೊಳಗ ಎಮ್ಮಿ ಒಳಗ ಕಟ್ಟಬೇಕು."

ಕರೆವ್ವ ಬಣವೆಯ ಹಿಂದೆ ಹೋಗಿ ಬುಟ್ಟಿಗೆ ಹೆಂಚು ತುಂಬಿದಳು. ಬಂದೇಸಾಬ ತಲೆಯ ಮೇಲೆ ಎತ್ತಿಟ್ಟ. ಅವಳು ಏಣಿಯ ಕಡೆ ತಿರುಗಲಿಲ್ಲ. ನೆಟ್ಟಗೆ ಅಂಗಳದ ಹೊರಬಾಗಿಲಿಗೆ ನಡೆದಳು.

"ಏ, ನನ್ನ ಹೆಂಚು ಎಲ್ಲಿಗೆ ಒಯ್ಯಾಕತ್ತಿ?"

"ನಿಮ್ಮ ಹೆಂಚು ಚೂರಾಗ್ಯಾವಲ್ರಿ ಗೌಡ್ರ. ನೀವ ಸೈ ಮಾಡೀರಿ."

"ಬೋಸುಡಿ! ಪೊಲೀಸರನ್ನ ಕರಸ್ತೇನಿ!"

"ಕರಸ್ರಿ. ಆ ಸಾಹೇಬ್ರನ್ನೂ ಕರಸ್ರಿ. ಇಡೀ ಹೆಂಚು ಎಷ್ಟು ಕಳುವಾದ್ವು ಅಂತ ಇಬ್ಬರ ಮುಂದೂ ಹೇಳ್ರಿ."

ಗೌಡ ಬಾರುಕೋಲು ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತ. ಬಣವೆಯ ಹಿಂದೆ ಬಂದೇಸಾಬ ಎರಡನೆಯ ಬುಟ್ಟಿ ತುಂಬುವ ಸದ್ದು ಕೇಳುತ್ತಿತ್ತು. ಬೇವಿನ ಗಿಡಕ್ಕೆ ಕಟ್ಟಿದ ಎಮ್ಮೆಯ ಬೆನ್ನಿನ ಮೇಲೆ ದಪ್ಪ ಹನಿ ಬಿತ್ತು.

ಭಾರಕ್ಕೆ ಕರೆವ್ವನ ಕುತ್ತಿಗೆ ಸೆಟೆದಿತ್ತು. ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು.

"ದಾರಿ ಬಿಡ್ರಿ ಗೌಡ್ರ. ಹೆಂಚು ಒಡದಾವು."