ಅವ್ವನ ಹೆಬ್ಬೆರಳು

ಸಿರ್ವಾ ಬೆಟ್ಟದ ನೆತ್ತಿಗೆ ಮೊದಲ ಹಿಮ ಬಿದ್ದ ವಾರವೇ ನಮ್ಮಲ್ಲಿ ಕೇಸರಿ ಹೂ ಬಿಡುತ್ತದೆ. ಬಿಸಿಲು ತಾಗಿ ಹೂ ಬಾಯಿ ಬಿಡುವ ಮೊದಲೇ ಕಿತ್ತು ಬುಟ್ಟಿಗೆ ಹಾಕಬೇಕು. ಹಾಗಾಗಿ ಆ ಇಪ್ಪತ್ತು ದಿನ ಹೆಂಗಸರು ಬೆಳಗಿನ ನಮಾಜು ಮುಗಿಸಿದವರೇ ಹೊಲದಲ್ಲಿ ಸೊಂಟ ಬಗ್ಗಿಸಿರುತ್ತಾರೆ. ಮಧ್ಯಾಹ್ನ ಹೂವಿನ ರಾಶಿಯನ್ನು ಗಿಡ್ಡ ಮೇಜಿನ ಮೇಲೆ ಸುರಿದು, ಸುತ್ತ ಕೂತು, ಒಂದೊಂದು ಹೂವಿನಿಂದ ಮೂರು ಕೆಂಪು ಎಳೆ ಬಿಡಿಸುತ್ತಾರೆ. ಕೂಲಿಯ ಮಾತಿಲ್ಲ. ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ತಿವಿಜಿ ಎನ್ನುತ್ತೇವೆ ಇದಕ್ಕೆ. ತಿವಿಜಿಯ ದಿನವನ್ನು ಯಾರೂ ಬರೆದಿಡುವುದಿಲ್ಲ. ಯಾರೂ ಮರೆಯುವುದೂ ಇಲ್ಲ.

ಆ ವರ್ಷ ಇಜ್ಜಾ ಎಲ್ಲರ ಹೊಲಕ್ಕೂ ಬಂದಳು, ಯಾರ ಮೇಜಿಗೂ ಬರಲಿಲ್ಲ. ಒಂದು ದಿನ ಹಸು ಈಯುತ್ತಿದೆ ಎಂದಳು. ಇನ್ನೊಂದು ದಿನ ತಲೆನೋವು. ಮೂರನೆಯ ದಿನ ಮತ್ತೆ ಹಸು.

“ಆ ಹಸು ಎಷ್ಟು ಸಲ ಈಯ್ತದೆ?” ಎಂದಳು ಇಜ್ಜಾಳ ಪಕ್ಕದ ಮನೆಯ ಹಾದ್ದಾ. “ನಂಗೂ ಅಂಥದ್ದೊಂದು ಕೊಡಿಸಿ.”

ಎಲ್ಲರೂ ನಕ್ಕರು. ಮೇಜಿನ ಯಜಮಾನಿ ಯಾಮ್ನಾ ಮಾತ್ರ ನಗಲಿಲ್ಲ.

ಬೇಸಿಗೆಯ ಕೊನೆಯಲ್ಲಿ ಬಾದಾಮಿ ಒಡೆಯುತ್ತ ಕೂತಿದ್ದಾಗ ಇಜ್ಜಾಳ ಬಲಗೈ ಹೆಬ್ಬೆರಳು ತಾನಾಗಿಯೇ ಎರಡು ಸಲ ಹಾರಿತ್ತು. ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಕೈ ಕೊಡವಿ ಮುಂದಿನ ಕಾಯಿ ತೆಗೆದುಕೊಳ್ಳುತ್ತಿದ್ದರು. ಆದರೆ ಇಜ್ಜಾಳ ಅವ್ವ ತೂದಾಳ ಕಾಯಿಲೆಯೂ ಹೆಬ್ಬೆರಳಿನಿಂದಲೇ ಶುರುವಾದದ್ದು. ಊರಿನಲ್ಲಿ ತೂದಾಳಷ್ಟು ಚುರುಕಾಗಿ ಎಳೆ ಬಿಡಿಸುವವರಿರಲಿಲ್ಲ. ಆಮೇಲೆ ಆಕೆಯ ಹೆಬ್ಬೆರಳು ತೋರುಬೆರಳಿಗೆ ಉಜ್ಜಿಕೊಳ್ಳತೊಡಗಿತು, ಇಲ್ಲದ ಹೂವಿನಿಂದ ಎಳೆ ಬಿಡಿಸಿದ ಹಾಗೆ, ಹಗಲೆಲ್ಲ. ಕೊನೆಕೊನೆಗೆ ಗಂಜಿಯ ಚಮಚ ಬಾಯಿಗೆ ಮುಟ್ಟುತ್ತಿರಲಿಲ್ಲ.

ಗಂಡ ಬಿಹಿ ಇಜ್ಜಾಳನ್ನು ಪೇಟೆಯ ಡಾಕ್ಟರ ಹತ್ತಿರ ಕರೆದೊಯ್ದಿದ್ದ. ಡಾಕ್ಟರು ಬೆರಳು ತಟ್ಟಿಸಿದರು, ನಡೆಸಿ ನೋಡಿದರು, ಮೊಣಕೈ ಮಡಚಿ ಬಿಚ್ಚಿದರು. “ಈಗ ಏನೂ ಕಾಣ್ತಿಲ್ಲಮ್ಮ. ತಾಯಿಗೆ ಬಂದದ್ದು ಮಕ್ಕಳಿಗೆ ಬರಲೇಬೇಕು ಅಂತೇನಿಲ್ಲ” ಎಂದರು. ಬಿಹಿಗೆ ಸಮಾಧಾನವಾಯಿತು. ಇಜ್ಜಾ ಮಾತ್ರ ಹಿಂದಿರುಗುವ ದಾರಿಯುದ್ದಕ್ಕೂ ಆ ‘ಈಗ’ವನ್ನೇ ಹಿಡಿದು ಕೂತಿದ್ದಳು.

ಅಂದಿನಿಂದ ಅವಳೇ ಡಾಕ್ಟರಾದಳು. ನಮಾಜಿನಲ್ಲಿ ತೋರುಬೆರಳು ಎತ್ತಿದಾಗ ದೇವರನ್ನು ಬಿಟ್ಟು ಬೆರಳನ್ನೇ ನೋಡುತ್ತಿದ್ದಳು. ಅದೂ ಸಾಲದೆ, ಮನೆಯವರು ಏಳುವ ಮೊದಲೇ ಎದ್ದು ಟೀ ಕಾಯಿಸಿ, ಮೊಳದೆತ್ತರದಿಂದ ಆರು ಪುಟ್ಟ ಲೋಟಗಳಿಗೆ ಸುರಿಯುತ್ತಿದ್ದಳು. ಧಾರೆ ನೇರವಾಗಿ ಬಿದ್ದು ನೊರೆ ಎದ್ದರೆ ಆ ದಿನ ಗೆದ್ದಂತೆ. ಅಂಚಿಗೆ ತಾಗಿ ತಟ್ಟೆಗೆ ಚೆಲ್ಲಿದರೆ ಇನ್ನೊಂದು ಸುತ್ತು. ದಿನಕಳೆದಂತೆ ಚೆಲ್ಲುವುದು ಹೆಚ್ಚಾಯಿತು.

ಯಾಮ್ನಾಳ ಕೆಳಗಿನ ಹೊಲದ ಕೊನೆಯ ಹೂವಿನ ದಿನ, ಆಕೆಯೇ ಬುಟ್ಟಿ ಹಿಡಿದು ಇಜ್ಜಾಳ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಇನ್ನೂ ನಸುಕು. ತಟ್ಟೆಯ ತುಂಬ ಟೀ, ಇಜ್ಜಾಳ ಕೈಯಲ್ಲಿ ಕೆಟಲ್ಲು.

“ಯಾರೇ ಬಂದಿದಾರೆ ಇಷ್ಟೊತ್ತಿಗೆ? ಆರು ಲೋಟ ಇಟ್ಟಿದೀಯ.”

“ಯಾರೂ ಇಲ್ಲ, ಖಾಲ್ತಿ.” ಯಾಮ್ನಾ ಅವಳ ತಾಯಿಯ ಗೆಳತಿ, ಚಿಕ್ಕಮ್ಮನ ಸಲುಗೆಯಲ್ಲಿ ಇಜ್ಜಾ ಹಾಗೇ ಕರೆಯುತ್ತಿದ್ದಳು.

“ಮತ್ತೆ ಇದನ್ನೆಲ್ಲ ಕುಡಿಯೋರು?”

“ನಾನೇ. ಸಕ್ಕರೆ ಹಾಕಿದ್ದು, ಚೆಲ್ಲೋಕಾಗುತ್ತಾ?”

“ಎಷ್ಟು ಕುಡಿದೆ?”

“ಇದು ಎರಡನೇ ಸುತ್ತು.”

ಯಾಮ್ನಾ ಲೋಟವೊಂದನ್ನು ಎತ್ತಿ ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದಳು. “ಇದು ಟೀನಾ, ಡಾಂಬರಾ? ಬರಿ ಹೊಟ್ಟೇಲಿ ಹನ್ನೆರಡು ಲೋಟ ಕುಡಿದರೆ ನಮ್ಮ ಹೇಸರಗತ್ತೆಯೂ ನಡುಗ್ತದೆ. ನಿನ್ನ ಕೈ ನಡುಗದೆ ಇನ್ನೇನು ಮಾಡ್ತದೆ?”

ಇಜ್ಜಾ ಕೆಟಲ್ಲು ಕೆಳಗಿಟ್ಟಳು. ನಡುಕದ ಮಾತನ್ನು ಗಂಡ, ಡಾಕ್ಟರು ಬಿಟ್ಟರೆ ಅವಳು ಯಾರಿಗೂ ಹೇಳಿರಲಿಲ್ಲ.

“ನಿಂಗೆ ಹೇಗೆ ಗೊತ್ತು?”

“ಹೊಲಕ್ಕೆ ಬಂದು ಮೇಜಿಗೆ ಬಾರದ ತೂದಾಳ ಮಗಳಿಗೆ ಇನ್ಯಾವ ರೋಗ ಇರ್ತದೆ?”

ಆಗ ಇಜ್ಜಾ ಹೇಳಿದಳು. ಬಾದಾಮಿಯಿಂದ ಶುರುಮಾಡಿ ಎಲ್ಲವನ್ನೂ. ಯಾಮ್ನಾ ಹೊಸ್ತಿಲ ಮೇಲೆ ಕೂತು ಕೇಳಿದಳು.

“ಟೀಯಿಂದಲೇ ಅಂತೀಯಾ, ಖಾಲ್ತಿ?”

“ಚೆಲ್ಲಿದ್ದು ಟೀಯಿಂದ. ಮೊದಲು ಹಾರಿದ್ದು ಯಾತರಿಂದಲೋ ನನಗೇನು ಗೊತ್ತು? ನಿಮ್ಮವ್ವಂಗೆ ಬಂದದ್ದು ನಿಂಗೂ ಬರ್ತದೋ ಇಲ್ವೋ, ಅದನ್ನು ಹೇಳೋಕೆ ನಾನು ಯಾರು.” ಆಕೆ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. “ಆದರೆ ತೂದಾ ಮೇಜು ಬಿಟ್ಟದ್ದು ಕೈ ನಡುಗಿತು ಅಂತಲ್ಲ.”

ಇಜ್ಜಾ ತಲೆ ತಗ್ಗಿಸಿದಳು. ಆ ಮಾತು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಅವ್ವನ ಕೈಯಲ್ಲಿ ಎಳೆ ತುಂಡಾಗತೊಡಗಿದ ವರ್ಷ, ಇದೇ ಯಾಮ್ನಾಳ ಮನೆಗೆ ಹೊರಟವಳನ್ನು ಬಾಗಿಲಲ್ಲೇ ತಡೆದವಳು ತಾನು. “ಸಾಕು, ಮನೇಲಿರು. ಜನ ನೋಡ್ತಾರೆ” ಎಂದಿದ್ದಳು. ಅವ್ವ ಗೋಡೆಯ ಪಕ್ಕ ಕೂತು, ಆಚೆಮನೆಯ ನಗು ಕೇಳಿಸಿಕೊಳ್ಳುತ್ತ, ಖಾಲಿ ಬೆರಳುಗಳಿಂದ ಎಳೆ ಬಿಡಿಸುತ್ತಲೇ ಇದ್ದಳು. ಮುಂದಿನ ಹೂವಿನ ಕಾಲಕ್ಕೆ ಆಕೆ ಇರಲಿಲ್ಲ.

“ನಾವು ಅವಳಿಗೆ ಬೇರೆ ಬಟ್ಟಲು ಇಟ್ಟಿದ್ವಿ ಕಣೆ,” ಎಂದಳು ಯಾಮ್ನಾ. “ತುಂಡಾದ ಎಳೆ ಹಾಕೋಕೆ. ತುಂಡಾದರೂ ಬಣ್ಣ ಕೊಡಲ್ವಾ?”

ಅಂದು ಮಧ್ಯಾಹ್ನ ಇಜ್ಜಾ ಮೇಜಿಗೆ ಬಂದಳು. ಹಾದ್ದಾ ಸರಿದು ಜಾಗ ಬಿಟ್ಟು, “ಹಸು ರಜೆ ಕೊಟ್ಟಿತಾ?” ಎಂದಳು. ಟೀ ತಟ್ಟೆ ಬಂದಾಗ ಯಾಮ್ನಾ ಇಜ್ಜಾಳ ಪಾಲಿನ ಲೋಟವನ್ನು ತನ್ನ ಕಡೆ ಎಳೆದುಕೊಂಡಳು.

ಮೊದಲ ಬುಟ್ಟಿ ನೆಟ್ಟಗೆ ಸಾಗಿತು. ಎರಡನೆಯದರ ನಡುವೆ ಹೆಬ್ಬೆರಳು ಒಮ್ಮೆ ಹಾರಿತು. ಎಳೆ ತುಂಡಾಯಿತು. ಇಜ್ಜಾ ಬೆರಳನ್ನೇ ನೋಡಿದಳು. ಬೆಳಗಿನ ಟೀ ಇನ್ನೂ ಮೈಯಲ್ಲಿತ್ತೋ, ಅಥವಾ ಇದು ಅವ್ವನ ಕಾಯಿಲೆಯೋ, ಯಾರನ್ನು ಕೇಳುವುದು? ಅವಳು ತಲೆ ಎತ್ತಿ ನೋಡಿದಳು. ಹಾದ್ದಾ ಸೊಸೆಯನ್ನು ಬೈಯುತ್ತಿದ್ದಳು. ಮೇಜಿನ ಮೂಲೆಯಲ್ಲಿ ಒಂದು ಸಣ್ಣ ಮಣ್ಣಿನ ಬಟ್ಟಲಿತ್ತು, ತಳದಲ್ಲಿ ಆಗಲೇ ಯಾರದೋ ನಾಲ್ಕಾರು ತುಂಡು ಎಳೆಗಳು. ಇಜ್ಜಾ ತನ್ನದನ್ನೂ ಅದಕ್ಕೆ ಹಾಕಿ ಮುಂದಿನ ಹೂ ತೆಗೆದುಕೊಂಡಳು.

ದೀಪ ಹಚ್ಚುವ ಹೊತ್ತಿಗೆ ರಾಶಿ ಕರಗಿತು. ಹೆಂಗಸರು ಎದ್ದು ಮೈಮುರಿದರು. ಬಾಗಿಲವರೆಗೆ ಬಂದ ಯಾಮ್ನಾ ಹೇಳಿದಳು:

“ನಿನ್ನ ತಿವಿಜಿಯ ದಿನ ತೀರಿತು, ಮಗಳೇ.”

“ಅವ್ವಂದು ಒಂದು ಬಾಕಿ ಇದೆ.”

“ಇದೆ.”

“ನಾಡಿದ್ದು ನಿನ್ನ ಮೇಲಿನ ಹೊಲದಲ್ಲಿ ಕಡೇ ಹೂವು ಒಂದಿಷ್ಟು ಉಳಿದಿರಬೇಕಲ್ಲ?”

“ಒಂದು ಬುಟ್ಟಿನೂ ಆಗಲ್ಲ ಕಣೆ.”

“ಬರ್ತೀನಿ,” ಎಂದಳು ಇಜ್ಜಾ. ಬಲಗೈಯನ್ನು ಶಾಲಿನೊಳಗೆ ಎಳೆದುಕೊಂಡು, ಹೆಬ್ಬೆರಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮನೆಯ ಕಡೆ ಇಳಿದಳು.