ಉದಾಹರಣೆಯ ವಾಕ್ಯ

'ಅರ್ಥ ಗೊತ್ತು, ವಾಕ್ಯ ಬರುತ್ತಿಲ್ಲ' ಎಂದು ವೆಂಕಟರತ್ನಮ್ಮ ಡೈರಿಯಲ್ಲಿ ಬರೆದುಕೊಂಡಳು. ಬಂಗಾರಪೇಟೆ ಬಿಟ್ಟ ಬೆಳಗಿನ ಪ್ಯಾಸೆಂಜರ್ ರೈಲು ಕುಲುಕಿದಾಗೆಲ್ಲ ಅಕ್ಷರಗಳು ಓರೆಯಾಗುತ್ತಿದ್ದವು. ಇವತ್ತು ಎಂಟನೇ ತರಗತಿಗೆ 'ಕಂಪ್ಯಾಷನೇಟ್' ಎಂಬ ಇಂಗ್ಲಿಷ್ ಪದ ಕಲಿಸಬೇಕು. ಇನ್ನೊಬ್ಬರ ನೋವಿಗೆ ಮರುಗಿ ಅದನ್ನು ಹಗುರ ಮಾಡಬಯಸುವ, ಎಂದು ನಿಘಂಟಿನಲ್ಲಿದ್ದದ್ದು ಬಾಯಿಪಾಠವಾಗಿತ್ತು. ಆದರೆ ಸ್ವಂತದ್ದೊಂದು ವಾಕ್ಯ ಕಟ್ಟಹೊರಟರೆ ರಾಜರು ಬರುತ್ತಿದ್ದರು, ಸಂತರು ಬರುತ್ತಿದ್ದರು. ತಾನು ಕಣ್ಣಾರೆ ಕಂಡ ಒಬ್ಬರೂ ಬರುತ್ತಿರಲಿಲ್ಲ. ಕೊನೆಗೆ ಇನ್ನೂ ಸಣ್ಣ ಅಕ್ಷರದಲ್ಲಿ ಸೇರಿಸಿದಳು: 'ನನ್ನಲ್ಲೇ ಅದು ಇಲ್ಲವೇನೋ.'

ಕಿಟಕಿಯಾಚೆ ಸೈನೈಡ್ ದಿಬ್ಬಗಳು ಮಂಜಿನಲ್ಲಿ ತೇಲಿ ಬಂದವು. ಗಣಿಯ ಮಣ್ಣಿನಿಂದ ಚಿನ್ನವನ್ನೆಲ್ಲ ಸೋಸಿಕೊಂಡ ಮೇಲೆ ಉಳಿದ ಬಿಳಿ ಪುಡಿಯ ಗುಡ್ಡಗಳು. ಆಕಾಶಕ್ಕೆ ಸಾಕಾಗಿ ಕೆಳಗಿಳಿದು ಮಲಗಿದ ಮೋಡಗಳಂತೆ ಅವಳಿಗೆ ದಿನವೂ ಕಾಣುತ್ತಿದ್ದವು.

ಬಿ.ಎ. ಮುಗಿಸಿ ಅವಳು ರಾಬರ್ಟ್‌ಸನ್‌ಪೇಟೆಯ ಹುಡುಗಿಯರ ಶಾಲೆಗೆ ಸೇರಿ ಮೂರೇ ತಿಂಗಳು. ಬೋರ್ಡಿನ ಮೇಲೆ ಪದ ಬರೆದು ಅರ್ಥ ಹೇಳಿದಳು.

"ಯಾರನ್ನ ಅಂಗನ್ನಬೋದು ಟೀಚರಮ್ಮ? ದೇವ್ರನ್ನಾ?" ಮುಂದಿನ ಬೆಂಚಿನ ಮುತ್ಯಾಲಮ್ಮ ಕೇಳಿದಳು.

"ನಿಮ್ಮ ಸೋದರತ್ತೇನ ಅನ್ನೇ!" ಎಂದು ಹಿಂದಿನಿಂದ ಯಾರೋ ಅಂದರು. ತರಗತಿ ಗೊಳ್ಳೆಂದಿತು.

"ಮನುಷ್ಯರನ್ನೂ ಅನ್ನಬಹುದು. ನೋಟವನ್ನೂ, ಮಾತನ್ನೂ..." ರತ್ನಮ್ಮ ಗೋಡೆಯ ಕಡೆ ನೋಡುತ್ತ ಹೇಳಿದಳು. 'ಉದಾಹರಣೆ' ಎಂದು ಬರೆದು ಅವಳ ಸೀಮೆಸುಣ್ಣ ನಿಂತಿತು.

ಆಗ ನೆಲ ನಡುಗಿತು. ತೀರಾ ಆಳದಲ್ಲಿ ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ಮಸಿಕುಡಿಕೆಗಳು ಕಟಕಟ ಎಂದು ಸುಮ್ಮನಾದವು. ಗಣಿಯೊಳಗೆ ಎಲ್ಲೋ ಬಂಡೆ ಸಿಡಿದಿತ್ತು.

ಒಬ್ಬ ಹುಡುಗಿಯೂ ಕೂಗಲಿಲ್ಲ. ಈ ಹೊತ್ತಿನ ಶಿಫ್ಟಿಗೆ ಅಪ್ಪ ಇಳಿದಿದ್ದವರು ಮಾತ್ರ ಎದ್ದರು, ಅಪ್ಪಣೆ ಕೇಳದೆ ಬಾಗಿಲತ್ತ ನಡೆದರು. ಉಳಿದವರು ಅವರ ಪುಸ್ತಕದ ಚೀಲಗಳನ್ನು ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಮುತ್ಯಾಲಮ್ಮನೂ ಎದ್ದಿದ್ದಳು.

"ಏನೂ ಆಗಿರಲ್ಲ ಕಣೇ, ಕೂತ್ಕೋ," ಎಂದಳು ರತ್ನಮ್ಮ.

ಹುಡುಗಿ ಗುರುತಿಲ್ಲದವರನ್ನು ನೋಡುವಂತೆ ಅವಳನ್ನು ನೋಡಿ ಹೊರಟುಹೋದಳು.

ಗಂಟೆ ಹೊಡೆಯುವ ಆಯಾ ಮಾರಿಯಮ್ಮ ಬಾಗಿಲಲ್ಲೇ ನಿಂತಿದ್ದಳು. "ಅಂಗನ್ನಬಾರ್ದು ಕಣಮ್ಮ. ಈ ಊರಾಗೆ ಯಾರೂ ಆ ಮಾತಾಡಲ್ಲ. ಆಳು ಮೇಲಕ್ಕೆ ಬಂದು ಇಳಿಯೋವಾಗ ಇಸ್ಕಂಡ ಟೋಕನ್ನು ವಾಪಸ್ ಕೊಡೋಗಂಟ ಏನಾಗೈತೋ ಯಾರಿಗ್ಗೊತ್ತು? ನಮ್ಮೆಜಮಾನ್ರು ಗಣಿಯಾಗೆ ತೀರ್ಕಂಡ ದಿನ ಒಬ್ಳು ನಂಗೆ ಅಂಗೇ ಅಂದ್ಳು. ಇವತ್ಗೂ ಅವಳ ಮಕ ನೋಡಾಕಾಗಲ್ಲ."

ರತ್ನಮ್ಮ ಸೀಮೆಸುಣ್ಣ ಕೆಳಗಿಟ್ಟಳು.

"ಓಗಿ ನೀವು. ಇವ್ರನ್ನ ನಾ ನೋಡ್ಕಂತೀನಿ. ಆ ಮುತ್ಯಾಲುಗೆ ತಾಯಿಲ್ಲ."

"ಹೋಗಿ ಏನು ಹೇಳಲಿ, ಮಾರಿಯಮ್ಮ?"

"ಯೋಳಾಕೇನೈತೆ? ಪಕ್ಕದಾಗೆ ಕುಂತ್ಕಳಿ."

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ವಾಕ್ಯಗಳು ಹುಟ್ಟಿದವು. ಒಂದಕ್ಕಿಂತ ಒಂದು ಚೆಂದ, ಎಲ್ಲವೂ ಎಲ್ಲೋ ಓದಿದ್ದವು. ಗಣಿಯ ಗೇಟಿನ ಹೊರಗೆ ಹೆಂಗಸರು ಮಕ್ಕಳು ಗೋಡೆಯ ನೆರಳಲ್ಲಿ ಸಾಲಾಗಿ ಕೂತಿದ್ದರು. ದಿಬ್ಬಗಳ ಕಡೆಯಿಂದ ಗಾಳಿ ಬೀಸಿ ಬಿಳಿ ಪುಡಿ ತೇಲಿಬರುತ್ತಿತ್ತು. ಕೂದಲ ಮೇಲೆ, ರೆಪ್ಪೆಗಳ ಮೇಲೆ ಸದ್ದಿಲ್ಲದೆ ಇಳಿಯುತ್ತಿತ್ತು. ಮುದುಕಿಯರಿಗೂ ಮಕ್ಕಳಿಗೂ ಒಂದೇ ವಯಸ್ಸಾದಂತಿತ್ತು. ಎಲ್ಲರ ಕಣ್ಣೂ ಗಣಿಬಾವಿಯ ಶಾಫ್ಟಿನ ನೆತ್ತಿಯಲ್ಲಿ ಆಳುಗಳನ್ನು ಇಳಿಸಿ ಏರಿಸುವ ದೊಡ್ಡ ಚಕ್ರದ ಮೇಲೆ. ಅದು ತಿರುಗಿದರೆ ಕೆಳಗಿನಿಂದ ಯಾರೋ ಮೇಲೆ ಬರುತ್ತಿದ್ದಾರೆ ಎಂದರ್ಥ. ಅದು ನಿಂತಿತ್ತು.

ಮುತ್ಯಾಲಮ್ಮ ಒಂದು ಕಲ್ಲಿನ ಮೇಲೆ ಮೊಣಕಾಲು ತಬ್ಬಿಕೊಂಡಿದ್ದಳು. ರತ್ನಮ್ಮ ಹತ್ತಿರ ಹೋಗಿ ನಿಂತಳು. ನೆರಳು ಕಂಡೇ ಹುಡುಗಿಗೆ ಗೊತ್ತಾಯಿತೇನೋ, ತಿರುಗಲಿಲ್ಲ.

"ನಮ್ಮಪ್ಪ ಬತ್ತಾನಾ, ಟೀಚರಮ್ಮ?"

ದಾರಿಯಲ್ಲಿ ಕೂಡಿಟ್ಟುಕೊಂಡಿದ್ದ ಚೆಂದದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಗೊತ್ತಿಲ್ಲ, ಮುತ್ಯಾಲು," ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನನಗೂ ಭಯ ಆಗ್ತಿದೆ."

ಹುಡುಗಿ ಚಕ್ರದಿಂದ ಕಣ್ಣು ಕೀಳಲಿಲ್ಲ. ಲಂಗದ ಅಂಚಿನಿಂದ ಕಲ್ಲಿನ ಮೇಲಿನ ಬಿಳಿ ಪುಡಿ ಒರೆಸಿ, ಒಬ್ಬರು ಕೂರುವಷ್ಟು ಆಚೆ ಸರಿದಳು.