ಡೂಡೆ ಎಣಿಸಿದ ತುಣುಕುಗಳು

‘ಉಳಿದುದೂ ಇದರಂತೆಯೇ’ ಎಂಬ ಸಾಲು ಕಣ್ಣಿಗೆ ಬಿದ್ದಾಗ, ಉಳಿದುದನ್ನು ನೀವು ಒಮ್ಮೆಯಾದರೂ ಪರೀಕ್ಷಿಸಿದ್ದೀರಾ? ಇಲ್ಲ. ಬರೆದವರು ದೊಡ್ಡವರು, ಅವರಿಗೆ ತಿಳಿದಿರುತ್ತದೆ ಎಂದುಕೊಂಡು ಪುಟ ತಿರುಗಿಸಿದ್ದೀರಿ. ಆ ಒಂದು ಸಾಲು ಡೂಡೆ ವಿಯಾರ್ಡಾನನ್ನು ಕಾಲುವೆಗೆ ನೂಕಿತು. ನಾನು ಉಪಮೆ ಹೇಳುತ್ತಿಲ್ಲ.

ಸಾಲು ಬರೆದವರು ಪ್ರೊಫೆಸರ್ ಓಲ್ಡನ್‌ಹೌಸ್, ನಮ್ಮ ಗಣಿತ ವಿಭಾಗದ ಮುಖ್ಯಸ್ಥರು. ನಾನು ಅಲ್ಲಿ ಅಧ್ಯಾಪಕ. ಯಾವುದೇ ಸಮಮಿತಿಯ ಸಮೂಹ ಒಂದು ಅವಕಾಶದ, ಅಂದರೆ ಸ್ಪೇಸಿನ, ಮೇಲೆ ವರ್ತಿಸುವ ರೀತಿಗೆ ನಿರೂಪಣೆ ಎನ್ನುತ್ತೇವೆ. ದೊಡ್ಡ ಸಮೂಹದಲ್ಲಿ ಅಖಂಡವಾಗಿರುವ ನಿರೂಪಣೆ ಚಿಕ್ಕ ಸಮೂಹಕ್ಕೆ ಇಳಿದಾಗ ಎಷ್ಟು ತುಣುಕುಗಳಾಗುತ್ತದೆ ಎಂಬುದನ್ನು ಅವರ ಪ್ರಮೇಯ ಹೇಳುತ್ತಿತ್ತು. ಕ್ಲಾಸಿಕಲ್ ಎಂದು ಕರೆಯುವ ಅಭಿಜಾತ ಸಮೂಹಗಳಲ್ಲಿ ನಾಲ್ಕು ಕುಟುಂಬಗಳು. ಮೂರಕ್ಕೆ ಅವರು ಶುದ್ಧವಾದ ಸಾಧನೆ ಕೊಟ್ಟರು. ಸಮಸಂಖ್ಯೆಯ ಆಯಾಮಗಳ ತಿರುಗುವಿಕೆಗಳು ಸೇರುವ ನಾಲ್ಕನೆಯದಕ್ಕೆ ಆ ಒಂದೇ ಸಾಲು.

ನಾಲ್ಕನೆಯ ಕುಟುಂಬದ ಸ್ವಭಾವವೇ ಬೇರೆ. ಅಲ್ಲಿ ಕನ್ನಡಿಯ ಪ್ರತಿಬಿಂಬಕ್ಕೂ ಎಡೆಯಿರುವವರೆಗೆ ಅಖಂಡವಾಗಿರುವ ಕೆಲವು ನಿರೂಪಣೆಗಳು, ಪ್ರತಿಬಿಂಬವನ್ನು ಕೈಬಿಟ್ಟೊಡನೆ ಸರಿಸಮವಾದ ಎರಡು ಹೋಳುಗಳಾಗುತ್ತವೆ. ಆರು ಆಯಾಮದ್ದು ಮೂರು ಮೂರಾಗಿ ಸೀಳುವುದನ್ನು ಓಲ್ಡನ್‌ಹೌಸರೇ ಎರಡನೆಯ ವರ್ಷದವರಿಗೆ ಬೋರ್ಡಿನ ಮೇಲೆ ಮಾಡಿ ತೋರಿಸುತ್ತಿದ್ದರು. ತರಗತಿಯಲ್ಲಿ ಕಲಿಸಿದ್ದನ್ನು ತಮ್ಮ ಪ್ರಬಂಧದಲ್ಲಿ ಮರೆತರು. ಓದಿದವರೆಲ್ಲರಿಗೂ ಸೀಳುವಿಕೆ ಗೊತ್ತಿತ್ತು. ಒಬ್ಬರೂ ಅದನ್ನು ಆ ಸಾಲಿನ ಪಕ್ಕದಲ್ಲಿಟ್ಟು ನೋಡಲಿಲ್ಲ.

ನೋಡಿದವನು ಡೂಡೆ, ಫ್ರೀಸ್‌ಲ್ಯಾಂಡ್ ಎಂಬ ಉತ್ತರದ ಪ್ರಾಂತದ ಹಸು ಸಾಕುವ ಹಳ್ಳಿಯಿಂದ ಬಂದ ಸಂಶೋಧನಾ ವಿದ್ಯಾರ್ಥಿ.

“ಸರ್, ನಾಲ್ಕನೇ ಕುಟುಂಬದಲ್ಲಿ ಕೆಲವು ಕಡೆ ನಂಗೆ ಒಂದು ತುಣುಕು ಜಾಸ್ತಿ ಬರ್ತಿದೆ,” ಎಂದು ಅವನು ವಾರದ ಗೋಷ್ಠಿಯಲ್ಲಿ ಎದ್ದು ಹೇಳಿದ.

“ಹಾಗಾದ್ರೆ ಕೂಡೋದು ಕಲ್ತ್ಕೊಳ್ಳಪ್ಪ,” ಎಂದರು ಓಲ್ಡನ್‌ಹೌಸ್. “ನಿಮ್ಮೂರಲ್ಲಿ ಹಸು ಎಣಿಸೋದೂ ಹೀಗೇನಾ?”

ಎಲ್ಲರೂ ನಕ್ಕರು. ಅಂದಿನಿಂದ ಅದೇ ಹಾಸ್ಯ. ಕಾಫಿಯ ಹೊತ್ತಿಗೆ ಯಾರಾದರೂ ಕೂಗುತ್ತಿದ್ದರು, “ಡೂಡೆ ಕೈಗೆ ಕಪ್ ಕೊಡ್ಬೇಡ್ರೋ, ಒಂದು ಜಾಸ್ತಿ ಆಗುತ್ತೆ!” ಅವನು ಮತ್ತೆ ಮತ್ತೆ ಲೆಕ್ಕ ಹಾಕಿದ. ಪ್ರತಿ ಸಲವೂ ಅದೇ ಉತ್ತರ. ತನ್ನ ತಪ್ಪು ಎಲ್ಲಿದೆಯೆಂದು ಹುಡುಕುತ್ತಲೇ ಹೋದ, ಇಲ್ಲದ ತಪ್ಪನ್ನು. ನವೆಂಬರಿನಲ್ಲಿ ಅವನ ಶಿಷ್ಯವೇತನವನ್ನು ನಿಲ್ಲಿಸಿದರು. ಅದೇ ವಾರ ಕಾಲುವೆಯಿಂದ ಅವನನ್ನು ಮೇಲೆತ್ತಿದರು.

ವಿಭಾಗದಲ್ಲಿ ಅವನ ಕೋಣೆಯಲ್ಲೇ ಇನ್ನೊಂದು ಮೇಜಿನ ಮುಂದೆ ಕುಳಿತು ಸಂಶೋಧನೆ ಮಾಡುತ್ತಿದ್ದವಳು ಸಿಟ್ಸ್ಕೆ. ಅವನ ಲೆಕ್ಕವನ್ನು ಮೊದಲಿನಿಂದ ತಾನೇ ಮಾಡಿ, ತಪ್ಪಿದ್ದುದು ಪ್ರಮೇಯದಲ್ಲಿ ಎಂದು ಸಾಧಿಸಿ, ತನ್ನ ಮಹಾಪ್ರಬಂಧದ ಕೊನೆಯ ಅಧ್ಯಾಯವಾಗಿ ಡೂಡೆಯ ಹೆಸರಿನಲ್ಲೇ ಬರೆದಳು. ಅವಳ ಮಾರ್ಗದರ್ಶಕರೂ ಆಗಿದ್ದ ಓಲ್ಡನ್‌ಹೌಸ್ ಅದನ್ನು ಕಿತ್ತು ಪಕ್ಕಕ್ಕಿಟ್ಟರು.

“ನೋಡಮ್ಮ, ಇದು ಇದ್ರೆ ನಾನು ಸಹಿ ಹಾಕಲ್ಲ. ಮೂರು ಕುಟುಂಬ ಸಾಕು ನಿಂಗೆ.”

“ತಪ್ಪಿದೆ ಅಂತ ನಿಮಗೂ ಗೊತ್ತಲ್ವಾ ಸರ್?”

“ಸತ್ತವನಿಗೆ ಪದವಿ ಬೇಕಿಲ್ಲ. ನಿಂಗೆ ಬೇಕು.”

ಅವಳು ಅಧ್ಯಾಯವನ್ನು ಬಿಟ್ಟಳು. ಆದರೆ ಮಹಾಪ್ರಬಂಧದ ಬಹಿರಂಗ ಸಮರ್ಥನೆಯ ದಿನಕ್ಕೆ ಡೂಡೆಯ ತಾಯಿ ಔಕ್ಯೆಗೆ ಹೇಳಿಕಳುಹಿಸಿದಳು: ಬನ್ನಿ, ನಿಮ್ಮ ಮಗನಿಗೆ ಎಣಿಸಲು ಬರುತ್ತಿತ್ತೆಂದು ಅವರೆಲ್ಲರ ಮುಂದೆ ಹೇಳುತ್ತೇನೆ. ಆ ತಾಯಿ ಸಕ್ಕರೆ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ, ಮುಂದಿನ ಸಾಲಿನಲ್ಲಿ ಕುಳಿತರು.

ನಮ್ಮಲ್ಲಿ ಸಮರ್ಥನೆಗೆ ಒಂದು ಗಂಟೆ, ಒಂದು ನಿಮಿಷವೂ ಹೆಚ್ಚಿಲ್ಲ. ಗಂಟೆ ತುಂಬಿದೊಡನೆ ದಂಡಧಾರಿ ಒಳಬಂದು, ಗೆಜ್ಜೆಯ ದಂಡವನ್ನು ನೆಲಕ್ಕೆ ಕುಟ್ಟಿ, ಸಮಯವಾಯಿತೆಂದು ಲ್ಯಾಟಿನ್ನಿನಲ್ಲಿ ಕೂಗುತ್ತಾನೆ. ಆಗ ಮಾತು ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಅರ್ಧ ವಾಕ್ಯವಾದರೆ ಅರ್ಧ ವಾಕ್ಯ. ಉತ್ತರ ಹೊಳೆಯದ ಅಭ್ಯರ್ಥಿಗಳನ್ನು ಈ ಕ್ರಮ ಎಷ್ಟೋ ಬಾರಿ ಕಾಪಾಡಿದೆ.

ಅಂದು ಓಲ್ಡನ್‌ಹೌಸರ ಗೆಳೆಯರು ಒಬ್ಬರಾದ ಮೇಲೊಬ್ಬರು ಎದ್ದು ಹೊಗಳಿದರು, ಹಳೆಯ ನೆನಪುಗಳನ್ನು ಹೇಳಿದರು, ತಮ್ಮ ಪ್ರಶ್ನೆಗೆ ತಾವೇ ಉತ್ತರಿಸಿಕೊಂಡರು. ಔಕ್ಯೆ ನನ್ನ ಕಿವಿಯಲ್ಲಿ ಕೇಳಿದರು, “ಇವರೆಲ್ಲ ಯಾವಾಗಪ್ಪಾ ಮುಗ್ಸೋದು?” ಕೊನೆಗೆ ಗೆಂಟ್‌ನಿಂದ ಪರೀಕ್ಷಕರಾಗಿ ಬಂದಿದ್ದ ವರ್ಮಾಂಡೆಲ್ ಎಂಬ ಮುದುಕರ ಸರದಿ ಬಂತು.

“ಮೂರೇ ಕುಟುಂಬಕ್ಕೆ ಯಾಕಮ್ಮ ನಿಲ್ಸಿದ್ದೀರಿ? ನಾಲ್ಕನೇದು ಎಲ್ಲಿ?”

ಸಿಟ್ಸ್ಕೆ ಸೀಮೆಸುಣ್ಣ ಹಿಡಿದಳು. ಸಮಮಿತಿಯನ್ನು ಬರೆದಳು, ಪ್ರತಿಬಿಂಬವನ್ನು ತೆಗೆದಳು, ಹೋಳುಗಳನ್ನು ತೋರಿಸಿದಳು. ಓಲ್ಡನ್‌ಹೌಸರ ಮುಖ ಬೋರ್ಡಿನ ಕಡೆಗಿರಲಿಲ್ಲ, ಬಾಗಿಲಿನ ಕಡೆಗಿತ್ತು. ಅವಳು ಔಕ್ಯೆಯ ಕಡೆ ತಿರುಗಿದಳು.

“ಆದ್ದರಿಂದ ಪ್ರಮೇಯ ಇಲ್ಲಿ ತಪ್ಪುತ್ತದೆ. ಇದನ್ನು ಮೊದಲು ಕಂಡವನು, ಈ ಸಭೆ ಯಾರನ್ನು ನೋಡಿ ನಕ್ಕಿತೋ ಆ—”

ದಂಡ ನೆಲಕ್ಕೆ ಬಿತ್ತು. ಗೆಜ್ಜೆಗಳು ಘಲ್ಲೆಂದವು. ದಂಡಧಾರಿ ಕೂಗಿದ.

ಸಿಟ್ಸ್ಕೆಯ ಬಾಯಿ ತೆರೆದೇ ಇತ್ತು. ಬಾಲ್ಯದಿಂದ ಕಲಿತ ಶಿಸ್ತು ಅವಳನ್ನು ಗೆದ್ದಿತು. ಬಾಯಿ ಮುಚ್ಚಿಕೊಂಡಳು. ಕುಲಪತಿಗಳು ಎದ್ದರು, ಕಪ್ಪು ನಿಲುವಂಗಿಗಳೆಲ್ಲ ಎದ್ದವು, ಸಭೆಯೂ ಎದ್ದಿತು. ಎದ್ದುದು ಮರ್ಯಾದೆಗೆ ಮಾತ್ರ. ನಿಲುವಂಗಿಯವರು ಸಾಲಾಗಿ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಮರಳಿ ಬಂದು ಅವಳಿಗೆ ಪದವಿ ಕೊಟ್ಟರು. ಓಲ್ಡನ್‌ಹೌಸ್ ಅವಳನ್ನು ಮೆಚ್ಚಿ ಸೊಗಸಾಗಿ ಮಾತನಾಡಿದರು.

“ಏನಂದ್ಲು ಅವಳು, ನನ್ನ ಮಗನ ವಿಷಯ?” ಔಕ್ಯೆ ನನ್ನ ತೋಳು ಹಿಡಿದರು.

“ಅವನ ಲೆಕ್ಕ ಸರಿ ಇತ್ತು ಅಂತ ಅಮ್ಮ.”

“ಅದು ನೀವು ಹೇಳ್ತಿದ್ದೀರಿ. ಅವಳು ಹೆಸರೇ ಎತ್ಲಿಲ್ಲ.”

“ಹೇಳೋಕೆ ಬಿಡ್ಲಿಲ್ಲ, ಅಮ್ಮ.”

“ಯಾರು ಬಿಡ್ಲಿಲ್ಲ? ಆ ಕೋಲು ಹಿಡ್ಕೊಂಡವನಾ? ಇಷ್ಟು ಜನ ಓದ್ದೋರು ಇದ್ರಿ.”

ಬ್ರೆಡ್ಡಿನ ಗಂಟನ್ನು ಬಿಚ್ಚದೆಯೇ ಅವರು ಸಂಜೆಯ ರೈಲಿಗೆ ಹೋದರು. ಸಿಟ್ಸ್ಕೆ ಓಣಿಯವರೆಗೂ ಹಿಂದೆ ಓಡಿದಳು. ಆ ತಾಯಿ ತಿರುಗಿ ನೋಡಲಿಲ್ಲ. ಪ್ರಮೇಯ ಈಗಲೂ ನಾಲ್ಕೂ ಕುಟುಂಬಗಳ ಹೆಸರಿನಲ್ಲಿ ಅಚ್ಚಾಗುತ್ತಿದೆ.

ನಿಯಮ ನಿಯಮವೇ ಎನ್ನುವಿರಿ. ಒಪ್ಪುತ್ತೇನೆ, ನಾನೂ ನಿಯಮವನ್ನು ಕಲಿಸುವವನೇ. ಆದರೆ ಸತ್ಯದ ಬಾಯಿ ಕಟ್ಟುವುದಕ್ಕೆ ಕಾಯುತ್ತ ಕುಳಿತ ನಿಯಮಕ್ಕೆ ತಲೆಬಾಗುವುದು ವಿನಯವಲ್ಲ, ಅಪರಾಧ. ನೀವು ಕುಳಿತ ಯಾವುದೇ ಸಭೆಯಲ್ಲಿ, ಹೇಳಲೇಬೇಕಾದ ಮಾತೊಂದು ಹೀಗೆ ನಡುವೆ ತುಂಡಾದರೆ, ದಯವಿಟ್ಟು ಎದ್ದು ನಿಲ್ಲಿ. ಅವಳು ವಾಕ್ಯ ಮುಗಿಸಲಿ ಎಂದು ಗಟ್ಟಿಯಾಗಿ ಹೇಳಿ, ಅವಳು ಮುಗಿಸುವವರೆಗೆ ಕೂರಬೇಡಿ.